ಕಡ್ಡಿ ಒತ್ತಿದರೆ ಡಬ್ಬಿ

ಬ್ಯಾಡಗಿಯ ದಲಾಲಿ ಅಂಗಡಿಯೊಂದಕ್ಕೆ ಹುಬ್ಬಳ್ಳಿಯ ಮನೆಯಲ್ಲೇ ಕುಳಿತು ಸಣ್ಣದೊಂದು ಆಂಡ್ರಾಯ್ಡ್ ಆ್ಯಪ್ ಬರೆದುಕೊಟ್ಟಿದ್ದೆ. ರೈತರು ತಂದ ಮೆಣಸಿನಕಾಯಿ ಲಾಟುಗಳ ಪಟ್ಟಿ. ಸಾಲು ಒತ್ತಿದರೆ ಆ ಲಾಟಿನ ವಿವರ, ಕೆಳಗೆ ದರ ಬರೆಯುವ ಜಾಗ. ಮನೆಯಲ್ಲಿ ಹತ್ತು ಸಾಲು ತುಂಬಿಸಿ ಒತ್ತಿ ನೋಡಿದ್ದೆ, ಎಲ್ಲವೂ ನೆಟ್ಟಗಿತ್ತು. ಟೆಂಡರ್ ದಿನ ಗುಮಾಸ್ತರ ಫೋನು ಬಂತು: ‘ಕಡ್ಡಿ ಒತ್ತಿದರೆ ಡಬ್ಬಿ ತೆರೆಯುತ್ತಿದೆಯಲ್ಲ?’ ಕಡ್ಡಿ, ಡಬ್ಬಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು. ಉದ್ದನೆಯ ತೆಳು ಕಡ್ಡಿಯ ದರವನ್ನು ದುಂಡನೆಯ ಡಬ್ಬಿಗೆ ಬರೆದರೆ ರೈತ ಸುಮ್ಮನಿರುತ್ತಾನೆಯೇ?

ತಪ್ಪು ನನ್ನದೇ. ಪಟ್ಟಿ ತೋರಿಸುವ ರಿಸೈಕ್ಲರ್‌ವ್ಯೂನಲ್ಲಿ ಸಾಲು ತುಂಬುವ ಆನ್‌ಬೈಂಡ್‌ವ್ಯೂಹೋಲ್ಡರ್‌ಗೆ ಸಾಲು ಎಷ್ಟನೆಯದೆಂದು ಹೇಳುವ ಪೊಸಿಷನ್ ಎಂಬ ಅಂಕಿ ಸಿಗುತ್ತದೆ. ಅದನ್ನೇ ಹಿಡಿದು ಅಲ್ಲಿಯೇ ಒತ್ತಿದ್ದನ್ನು ಗಮನಿಸುವ ಕ್ಲಿಕ್ ಲಿಸನರ್ ಕಟ್ಟಿದ್ದೆ. ಮಾರಾಟವಾದ ಲಾಟನ್ನು ಗುಮಾಸ್ತರು ಪಟ್ಟಿಯಿಂದ ತೆಗೆದಾಗ ನಾನು ಕರೆಯುತ್ತಿದ್ದುದು ನೋಟಿಫೈಐಟಂರಿಮೂವ್ಡ್. ಅದು ಕೆಳಗಿನ ಸಾಲುಗಳನ್ನು ಮೇಲೆ ಸರಿಸುತ್ತದೆ, ಆದರೆ ಮತ್ತೆ ತುಂಬುವುದಿಲ್ಲ. 7ರಲ್ಲಿದ್ದ ಲಾಟು 6ಕ್ಕೆ ಬಂದಿದ್ದರೂ ಅದರ ಲಿಸನರ್ ಇನ್ನೂ 7 ಎಂದೇ ಹೇಳುತ್ತಿತ್ತು. ಹಾಗಾಗಿ ಒತ್ತಿದ್ದರ ಕೆಳಗಿನ ಲಾಟು ತೆರೆಯುತ್ತಿತ್ತು. ಕೊನೆಯ ಸಾಲು ಒತ್ತಿದರಂತೂ ಆ್ಯಪ್ಪೇ ಮುಚ್ಚಿಕೊಳ್ಳುತ್ತಿತ್ತು. ಮನೆಯಲ್ಲಿ ನಾನು ಒಂದು ಸಾಲನ್ನೂ ಅಳಿಸಿ ನೋಡಿರಲಿಲ್ಲ.

ಪ್ರತಿ ಬದಲಾವಣೆಗೂ ಇಡೀ ಪಟ್ಟಿಯನ್ನು ಮತ್ತೆ ತುಂಬಿಸುವ ನೋಟಿಫೈಡೇಟಾಸೆಟ್‌ಚೇಂಜ್ಡ್ ಕರೆದು ಮುಚ್ಚಿಹಾಕಬಹುದಿತ್ತು. ಮೊದಲು ಹಾಗೆಯೇ ಮಾಡಿದೆ ಕೂಡ. ಸಾಲುಗಳು ನಯವಾಗಿ ಸರಿಯುವುದು ನಿಂತು ಪಟ್ಟಿ ಒಮ್ಮೆಲೇ ಬದಲಾಗತೊಡಗಿತು, ಸಮಾಧಾನವಾಗಲಿಲ್ಲ.

ಆಮೇಲೆ ಲಿಸನರ್ ಅನ್ನು, ಸಾಲನ್ನು ಹಿಡಿದಿಡುವ ವ್ಯೂಹೋಲ್ಡರ್ ಹುಟ್ಟುವ ಜಾಗಕ್ಕೆ ಒಯ್ದೆ. ಬೆರಳು ತಾಗಿದ ಕ್ಷಣದಲ್ಲಿ, ಸಾಲು ಆಗ ಎಲ್ಲಿದೆ ಎಂದು ಹೇಳುವ ಗೆಟ್‌ಬೈಂಡಿಂಗ್‌ಅಡಾಪ್ಟರ್‌ಪೊಸಿಷನ್ ಕೇಳುತ್ತೇನೆ. ಹಳೆಯ ಗೆಟ್‌ಅಡಾಪ್ಟರ್‌ಪೊಸಿಷನ್‌ನ ಬದಲಿಗೆ ಬಂದದ್ದು ಇದು. ಅಳಿಸಿದ ಸಾಲು ಇನ್ನೂ ಮಾಸುತ್ತಿರುವಾಗಲೇ ಯಾರಾದರೂ ಅದನ್ನು ಒತ್ತಿದರೆ ಸ್ಥಾನವಿಲ್ಲ ಎಂಬ ಅರ್ಥದ -1 ಬರುತ್ತದೆ. ಆಗ ಸುಮ್ಮನೆ ಹಿಂದಿರುಗಬೇಕು. ಇಲ್ಲದಿದ್ದರೆ ಆ್ಯಪ್ ಮತ್ತೆ ಬೀಳುತ್ತದೆ.

ಇಷ್ಟರಿಂದ ಸಿಕ್ಕಿದ್ದು ಸಾಲು ಮಾತ್ರ. ಮುಂದಿನ ಪುಟಕ್ಕೆ ಆ ಅಂಕಿಯನ್ನು ಕಳಿಸುವುದಿಲ್ಲ, ಲಾಟ್ ಸಂಖ್ಯೆಯನ್ನು ಕಳಿಸುತ್ತೇನೆ. ದರ ಬರೆಯುತ್ತಿರುವಾಗ ಹಿಂದೆ ಪಟ್ಟಿ ಬದಲಾದರೂ ಚೀಲದ ಮೇಲಿನ ಚೀಟಿ ಬದಲಾಗುವುದಿಲ್ಲವಲ್ಲ.

ವಿವರದ ಪುಟದ ತಲೆಯಲ್ಲಿ ಈಗ ಲಾಟ್ ಸಂಖ್ಯೆ ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಅದು ಗುಮಾಸ್ತರ ಬೇಡಿಕೆ. ನನ್ನ ಮೇಲೆ ಅವರಿಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ.