ಹಾಳು ಬಿದ್ದ 1964ರ ಲಿಂಕನ್ ಕಾಂಟಿನೆಂಟಲ್: ಯಾವುದಕ್ಕೆ ಮೊದಲು ಕೈ ಹಚ್ಚಬೇಕು

ಮಿಷಿಗನ್ನಿನ ನೋವೈ ಸುತ್ತಮುತ್ತ ನೆಲೆಸಿರುವ ನಮ್ಮವರಲ್ಲಿ ಅನೇಕರು ಕಾರು ಉದ್ಯಮದಲ್ಲೇ ದುಡಿಯುವವರು. ಹಗಲೆಲ್ಲ ಪರದೆಯ ಮೇಲೆ ಬಿಡಿಭಾಗಗಳ ನಕ್ಷೆ ನೋಡುವ ಅವರಲ್ಲಿ ಯಾರಾದರೂ ಹಳೆಯ ಕಾರೊಂದನ್ನು ಕೈಯಾರೆ ದುರಸ್ತಿ ಮಾಡಬೇಕೆಂಬ ಆಸೆ ಹೇಳಿಕೊಂಡರೆ, ನಾನು ತಡಮಾಡದೆ ಹೇಳುವ ಹೆಸರು 1964ರ ಲಿಂಕನ್ ಕಾಂಟಿನೆಂಟಲ್ ಸೆಡಾನ್. ಪಕ್ಕದ ವಿಕ್ಸಮ್ ಕಾರ್ಖಾನೆಯಲ್ಲಿ ತಯಾರಾದ ಕಾರು ಅದು. ಆ ಕಾರ್ಖಾನೆ 2007ರಲ್ಲಿ ಮುಚ್ಚಿತು. ಕಾರುಗಳು ಮಾತ್ರ ಇಲ್ಲಿನ ಕೊಟ್ಟಿಗೆಗಳಲ್ಲಿ ಇಂದಿಗೂ ಸಿಗುತ್ತವೆ. ನನ್ನ ಗ್ಯಾರೇಜಿನಲ್ಲಿರುವುದೂ ಹಾಗೆ ಸಿಕ್ಕಿದ್ದೇ.

ಮೊದಲು ಗ್ಯಾರೇಜನ್ನು ಅಳೆಯಿರಿ. ಈ ಕಾರು 18 ಅಡಿ ಉದ್ದ, ಸುಮಾರು 5,000 ಪೌಂಡ್ ತೂಕ. ಮುಂದೆ ನಿಂತು ಕೆಲಸ ಮಾಡಲು ಜಾಗವೂ ಬೇಕು, ಈ ತೂಕ ಹೊರುವ ಜ್ಯಾಕ್ ಸ್ಟ್ಯಾಂಡುಗಳೂ ಬೇಕು. ಮಡಚುವ ಚಾವಣಿಯ ಮಾದರಿ ಎಷ್ಟೇ ಚೆಂದ ಕಂಡರೂ ಮೊದಲ ಯತ್ನಕ್ಕೆ ಬೇಡ. ಆ ಚಾವಣಿಯ ಹಿಂದಿರುವ ಹೈಡ್ರಾಲಿಕ್ ಪಂಪು, ರಿಲೇ, ಸ್ವಿಚ್ಚುಗಳ ಜಾಲವೇ ಒಂದು ಪ್ರತ್ಯೇಕ ವಿದ್ಯೆ.

ಕೊಳ್ಳುವ ದಿನ ಎಂಜಿನ್ನಿಗಿಂತ ತಳಕ್ಕೆ ಹೆಚ್ಚು ಸಮಯ ಕೊಡಿ. ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ. ಕವಚವೇ ಭಾರ ಹೊರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನಿಂದ ಬರುವ ತುಕ್ಕು ಗೆದ್ದಲಿನಂತೆ ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಹಾಗೇ ಇರುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ನೆಲ, ಹಿಂದಿನ ಗಾಜಿನ ಕೆಳಅಂಚು, ಕಾಲಿಡುವ ನೆಲ, ಇಷ್ಟನ್ನೂ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಗಟ್ಟಿ ತಗಡು ಟಣ್ಣೆನ್ನುತ್ತದೆ, ಸತ್ತ ತಗಡು ಮೊನೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಪರೀಕ್ಷೆ ಈ ಕಾರಿಗೇ ವಿಶೇಷ. ಇದರ ಹಿಂದಿನ ಬಾಗಿಲಿನ ತಿರುಗಣೆ ಹಿಂಬದಿಯಲ್ಲಿದೆ, ಮುಂದಿನ ಬಾಗಿಲೂ ಹಿಂದಿನದೂ ನಡುಗಂಬದ ಬಳಿ ಎದುರುಬದುರಾಗಿ ಕೂಡುತ್ತವೆ. ಆ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರಬೇಕು. ಮೇಲೆ ಒಂದು ಅಗಲ, ಕೆಳಗೆ ಇನ್ನೊಂದು ಎಂದು ಕಂಡರೆ ತಳವೇ ಜಗ್ಗಿರಬಹುದು. ಬೆಲೆ ಎಷ್ಟೇ ಕಡಿಮೆಯಿದ್ದರೂ ಅಂಥ ಕಾರನ್ನು ಬಿಟ್ಟು ಬನ್ನಿ.

ಕಾರ್ಖಾನೆಯಲ್ಲೇ ಕಾರಿಗೆ ಕೊಟ್ಟ ಗುರುತಿನ ಸಂಖ್ಯೆಯನ್ನೂ ಓದಿಕೊಳ್ಳಿ. 4ವೈ82ಎನ್ ಎಂದು ಶುರುವಾದರೆ ಅದು 1964ರ, ವಿಕ್ಸಮ್‌ನಲ್ಲಿ ಕಟ್ಟಿದ, 430 ಘನ ಇಂಚಿನ ಎಂಜಿನ್ನಿನ ಸೆಡಾನ್. ಮಾಲೀಕತ್ವದ ಪತ್ರದಲ್ಲೂ ಇದೇ ಸಂಖ್ಯೆ ಇರಬೇಕು.

ಕಾರು ಮನೆಗೆ ಬಂದ ಮೇಲೆ ಎಲ್ಲರ ಕೈಯೂ ಕೀಲಿಯತ್ತಲೇ ಹೋಗುತ್ತದೆ. ಅದನ್ನು ತೆಗೆದು ಡಬ್ಬಿಯಲ್ಲಿಡಿ. ಮೊದಲ ಕೆಲಸ ಬ್ರೇಕಿನದು. 1964ರ ಮಾದರಿಯಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಮುಂದಿನ ಚಕ್ರಕ್ಕೆ ಡಿಸ್ಕ್ ಬಂದದ್ದು 1965ರಲ್ಲಿ. ಅದಕ್ಕಿಂತ ಮುಖ್ಯ ಸಂಗತಿ, ಪೆಡಲ್ ಒತ್ತಿದಾಗ ಚಕ್ರಗಳತ್ತ ದ್ರವ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಯಾವುದೇ ಒಂದು ಕಡೆ ದ್ರವ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಆ ತೇವ ಸಿಲಿಂಡರುಗಳನ್ನು ಒಳಗೇ ತುಕ್ಕು ಹಿಡಿಸುತ್ತದೆ. ಹಾಗಾಗಿ ಚಕ್ರದ ಸಿಲಿಂಡರು, ರಬ್ಬರ್ ಕೊಳವೆ, ಉಕ್ಕಿನ ನಳಿಗೆ ಎಲ್ಲವನ್ನೂ ಹೊಸದಾಗಿಸಿ. ಎರಡು ಕೋಣೆಯ ಮಾಸ್ಟರ್ ಸಿಲಿಂಡರಿಗೆ ಬದಲಿಸಬಹುದಾದರೆ ಬದಲಿಸಿ. ಎಲ್ಲವೂ ಮೂಲದಂತೆಯೇ ಇರಬೇಕೆಂಬ ಹಠವನ್ನು ನಾನು ಗೌರವಿಸುತ್ತೇನೆ, ಆದರೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿನ ಬ್ರೇಕಿನಲ್ಲಿ ಆ ಹಠ ಬೇಡ. ಡ್ರಮ್ ಬಿಚ್ಚಿದಾಗ ಕಾಣುವ ಬೂದುಬಣ್ಣದ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ ಎಂದೇ ತಿಳಿಯಿರಿ. ಗಾಳಿ ಊದಬೇಡಿ, ತಕ್ಕ ಮುಖಗವಸು ಧರಿಸಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರೆಸಿ ತೆಗೆಯಿರಿ.

ಎರಡನೆಯದು ಇಂಧನ. ವರ್ಷಗಟ್ಟಲೆ ನಿಂತ ಪೆಟ್ರೋಲಿಗೆ ವಾರ್ನಿಷಿನ ಕಟುವಾಸನೆ ಬಂದಿರುತ್ತದೆ. ಟ್ಯಾಂಕನ್ನು ಕೆಳಗಿಳಿಸಿ, ಬರಿದು ಮಾಡಿ, ಒಳಗೆ ಟಾರ್ಚ್ ಬಿಟ್ಟು ನೋಡಿ. ಕಂದು ಅಂಟು ಮಾತ್ರ ಇದ್ದರೆ ತೊಳೆಸಬಹುದು, ತುಕ್ಕಿನ ಹಕ್ಕಳೆ ಎದ್ದಿದ್ದರೆ ಹೊಸ ಟ್ಯಾಂಕೇ ಲೇಸು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಮೈಮೇಲೆ 30ಆರ್9 ಎಂಬ ದರ್ಜೆ ಅಚ್ಚಾಗಿರುವ, ಎಥನಾಲ್ ತಾಳುವ ಕೊಳವೆಯನ್ನೇ ಹಾಕಿ.

ಎಂಜಿನ್ನಿನ ಸರದಿ ಇವೆರಡು ಮುಗಿದ ನಂತರ. ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಕೆಲವು ದಿನ ಹಾಗೇ ಬಿಡಿ. ಬಳಿಕ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಕೈಯಿಂದ ನಿಧಾನವಾಗಿ ತಿರುಗಿಸಿ. ಹಟ ಮಾಡಿದರೆ ಬಲ ಹೆಚ್ಚಿಸಬೇಡಿ. ಎಣ್ಣೆ ಹಾಕಿ ಮತ್ತೆ ಕಾಯಿರಿ. ಸ್ಟಾರ್ಟರ್ ಮೋಟಾರಿಗೆ ಕೈಯಲ್ಲಿರುವ ಸೂಕ್ಷ್ಮವಿಲ್ಲ, ಅಂಟಿಕೊಂಡ ಪಿಸ್ಟನ್ ಉಂಗುರವನ್ನು ಅದು ಮುರಿದೇಬಿಡುತ್ತದೆ. ಎಂಜಿನ್ ಸಲೀಸಾಗಿ ಸುತ್ತಿದ ಮೇಲೆ ವಾಲ್ವ್ ಮುಚ್ಚಳ ತೆಗೆದು, ಸುತ್ತಿಸುವಾಗ ಹದಿನಾರು ವಾಲ್ವ್‌ಗಳೂ ಏರಿಳಿಯುತ್ತಿವೆಯೇ ನೋಡಿ. ಒಂದು ಸಿಕ್ಕಿಕೊಂಡಿದ್ದರೂ ಅದನ್ನು ಆಡಿಸುವ ಸಲಾಕೆ, ಅಂದರೆ ಪುಷ್‌ರಾಡ್, ಬಾಗುತ್ತದೆ. ಹೊಸ ಎಣ್ಣೆ ತುಂಬಿಸಿ. ವಾಲ್ವ್‌ಗಳಿಗೆ ಚಾಲನೆ ಕೊಡುವ ಹಳೆಯ ಕ್ಯಾಮ್‌ಗಳಿಗೆ ಸತುವಿನ ಅಂಶ ಹೆಚ್ಚಿರುವ ಎಣ್ಣೆ ಬೇಕು. ಈಗ ಕೀಲಿಯನ್ನು ಡಬ್ಬಿಯಿಂದ ಹೊರತೆಗೆದು, ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ಸುತ್ತಿಸಿ, ಎಣ್ಣೆ ಮೇಲೆ ವಾಲ್ವ್ ಒತ್ತುವ ರಾಕರ್‌ಗಳವರೆಗೆ ತಲುಪಿದ್ದನ್ನು ಕಣ್ಣಾರೆ ಕಂಡ ಮೇಲೆ ಪ್ಲಗ್ ಹಾಕಿ. ಎಂಜಿನ್ ಚಾಲೂ ಮಾಡುವ ಹೊತ್ತು ಅದು.

ವಿದ್ಯುತ್ತಿನ ವಿಷಯದಲ್ಲಿ ತಾಳ್ಮೆ ಸಾಕು, ದುಡ್ಡು ಬೇಡ. ಕಿಟಕಿ ಏರದಿದ್ದರೆ ಮೋಟಾರು ಕೊಳ್ಳಲು ಓಡಬೇಡಿ. ತಗಡಿಗೆ ಸೇರುವ ಅರ್ಥ್ ತಂತಿಯ ತುದಿಯನ್ನು ಉಜ್ಜಿ ಹೊಳೆಯಿಸಿ, ಗಟ್ಟಿಯಾದ ಹಳೆಯ ಗ್ರೀಸನ್ನು ಕೆರೆದು ಹೊಸದನ್ನು ಹಚ್ಚಿ. ಬಹಳ ಸಲ ಅಷ್ಟಕ್ಕೇ ಗಾಜು ಏರುತ್ತದೆ. ವೈಪರ್ ಮಾತ್ರ ಬೇರೆ ಕಥೆ. ಅದು ವಿದ್ಯುತ್ತಿನಿಂದ ಓಡುವುದಿಲ್ಲ, ಪವರ್ ಸ್ಟಿಯರಿಂಗ್ ಪಂಪಿನ ದ್ರವದ ಒತ್ತಡದಿಂದ ಓಡುತ್ತದೆ. ಡ್ಯಾಶ್‌ಬೋರ್ಡ್ ಬಳಿ ಎಣ್ಣೆ ಜಿನುಗಿದರೆ ವೈಪರಿನ ಮೋಟಾರನ್ನೇ ಅನುಮಾನಿಸಿ. ಆ ಕಾಲದ ಎಂಜಿನಿಯರುಗಳ ಧೈರ್ಯಕ್ಕೆ ನಾನು ಈಗಲೂ ಬೆರಗಾಗುತ್ತೇನೆ: ಮಳೆಯಲ್ಲಿ ಆ ಕಡ್ಡಿಗಳು ಸದ್ದೇ ಇಲ್ಲದೆ ಆಡುತ್ತವೆ.

ಹೀಟರಿನ ಡಬ್ಬಿಯಲ್ಲಿ ಇಲಿಗೂಡು ಇದ್ದೇ ಇರುತ್ತದೆ. ಅದನ್ನು ಒಣಗಿದ್ದಾಗ ಗುಡಿಸಬೇಡಿ, ವ್ಯಾಕ್ಯೂಮ್ ಮಾಡಬೇಡಿ. ಹಿಕ್ಕೆಯ ಧೂಳಿನಿಂದ ಹಾಂಟಾವೈರಸ್ ತಗುಲಬಹುದು. ಬ್ಲೀಚ್ ಬೆರೆಸಿದ ನೀರಿನಲ್ಲಿ ನೆನೆಸಿ, ಕೈಗವಸು ಹಾಕಿಕೊಂಡು ತೆಗೆಯಿರಿ.

ಹೊಳಪು ಕೊನೆಗೆ. ಸ್ಟೇನ್‌ಲೆಸ್ ಪಟ್ಟಿಗಳನ್ನು ನೀವೇ ತಿಕ್ಕಿ ಕನ್ನಡಿಯಾಗಿಸಬಹುದು. ಸತುವಿನ ಎರಕದ ಭಾಗಗಳಲ್ಲಿ ಕ್ರೋಮ್ ಅಡಿಯಿಂದ ಗುಳ್ಳೆ ಎದ್ದಿದ್ದರೆ ಮಾತ್ರ ಅದು ಲೇಪನ ಬಲ್ಲವರ ಕೆಲಸ, ಖರ್ಚು ಧಾರಾಳ. ಬಣ್ಣವನ್ನು ಪಾಲಿಶ್ ಮಾಡುವಾಗ ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಗಾಬರಿ ಬೇಡ. ಮೇಲೆ ಪಾರದರ್ಶಕ ಲೇಪವಿಲ್ಲದ ಹಳೆಯ ಬಣ್ಣ ಹಾಗೆಯೇ. ಹೊಸ ಬಣ್ಣ ಬಳಿಸುವ ಮುಂಚೆ ಹಿಕರಿ ಕಾರ್ನರ್ಸ್‌ನ ಗಿಲ್ಮೋರ್ ಕಾರು ಮ್ಯೂಸಿಯಮ್ಮಿನ ಆವರಣದಲ್ಲಿರುವ ಲಿಂಕನ್ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿ ಬನ್ನಿ. ಚೆನ್ನಾಗಿ ಉಳಿದ ಕಾರಿನ ಮುಂದೆ ನಿಂತು ನೋಡಿದರೆ ಎಷ್ಟು ಹೊಳಪು ಸಾಕೆಂಬ ಅಂದಾಜು ಸಿಗುತ್ತದೆ.

ಮಿಷಿಗನ್ನಿನಲ್ಲಿ 25 ವರ್ಷ ದಾಟಿದ ಕಾರಿಗೆ ಐತಿಹಾಸಿಕ ವಾಹನದ ನಂಬರ್ ಫಲಕ ಸಿಗುತ್ತದೆ. ಅದರಲ್ಲಿ ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕಾರ್ಯಕ್ರಮಗಳಿಗೆ ಓಡಿಸಬಹುದು. ಆಗಸ್ಟ್ ತಿಂಗಳಲ್ಲಿ ಮಾತ್ರ ದಿನಬಳಕೆಗೂ ಅವಕಾಶವಿದೆ. ವುಡ್‌ವರ್ಡ್ ರಸ್ತೆಯ ಹಳೆಯ ಕಾರುಗಳ ದೊಡ್ಡ ಮೆರವಣಿಗೆಯೂ ಅದೇ ತಿಂಗಳಲ್ಲಿ.

ಹೊರಡುವ ಮುಂಚೆ ಟೈರಿನ ಪಕ್ಕದಲ್ಲಿ ಡಿಓಟಿ ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ, ಟೈರು ತಯಾರಾದ ವಾರ ತಿಳಿಯುತ್ತದೆ. 2316 ಎಂದರೆ 2016ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಟೈರಿನ ಗೀರು ಎಷ್ಟೇ ಆಳವಿದ್ದರೂ ಕಿತ್ತೆಸೆಯಿರಿ. ಮೊದಲ ಸುತ್ತು ಮನೆಯ ಬೀದಿಯಲ್ಲೇ ಇರಲಿ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಮುಟ್ಟದೆ ಅಂಗೈ ಹಿಡಿಯಿರಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಕಾದಿದ್ದರೆ ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ: ಡ್ರಮ್ ಬಿಚ್ಚಿ ಸ್ಪ್ರಿಂಗ್ ನೋಡಿ, ಡ್ರಮ್ಮಿಗೆ ಒತ್ತುವ ಬ್ರೇಕ್ ಶೂ ತೀರಾ ಬಿಗಿಯಾಗಿದೆಯೇ ಎಂದು ನೋಡಿ, ಸರಿಪಡಿಸಿದ ಮೇಲೆ ಇನ್ನೊಂದು ಸುತ್ತು ಹೋಗಿ ಬನ್ನಿ.