ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟ್: ಅಂಕ ಕೈತಪ್ಪುವುದು ಎಲ್ಲಿ?

ಲೀಡ್ (LEED, ಪರಿಸರಸ್ನೇಹಿ ಕಟ್ಟಡಗಳಿಗೆ ಅಂಕ ಕೊಟ್ಟು ದರ್ಜೆ ನೀಡುವ ವ್ಯವಸ್ಥೆ) ಸರ್ಟಿಫಿಕೇಟ್ ಬೇಕಿದ್ದರೆ ನಕ್ಷೆ ಅಂತಿಮವಾಗುವ ಮುಂಚೆಯೇ ಪ್ರಾಜೆಕ್ಟ್ ನೋಂದಾಯಿಸಿ. ಕಟ್ಟಡದ ದಿಕ್ಕು, ಕಿಟಕಿ ಅಳತೆ ಆಮೇಲೆ ಬದಲಿಸಲಾಗದು; ಇಂಧನ ಉಳಿತಾಯದ ಅಂಕಗಳು ಬಹುಪಾಲು ಅಲ್ಲೇ ತೀರ್ಮಾನವಾಗುತ್ತವೆ. 40 ಅಂಕಕ್ಕೆ ಸರ್ಟಿಫೈಡ್, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಂ. ಗುರಿಗಿಂತ ಐದಾರು ಅಂಕ ಹೆಚ್ಚಿಗೆ ಹಾಕಿಕೊಂಡೇ ಹೊರಡಿ, ಪರಿಶೀಲನೆಯಲ್ಲಿ ಕೆಲವು ಹೋಗಬಹುದು. ಕಡ್ಡಾಯ ಷರತ್ತು ಒಂದು ತಪ್ಪಿದರಂತೂ ಎಷ್ಟು ಅಂಕವಿದ್ದರೂ ಸರ್ಟಿಫಿಕೇಟ್ ಸಿಗದು.

ಹೆಚ್ಚು ಪೆಟ್ಟು ಬೀಳುವುದು ಕಾಗದಪತ್ರದಲ್ಲಿ. ಕಟ್ಟಡ ತ್ಯಾಜ್ಯದ ಪ್ರತಿ ಲೋಡಿನ ತೂಕದ ಚೀಟಿ, ಎಲ್ಲಿಗೆ ಹೋಯಿತೆಂಬ ರಸೀದಿ ಅಂದಂದೇ ಸ್ಕ್ಯಾನ್ ಮಾಡಿಡಿ. ಕೆಲಸ ಮುಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಬಣ್ಣ, ಅಂಟು, ಸೀಲಂಟ್‌ಗಳ (ಸಂದು ಮುಚ್ಚುವ ಅಂಟು) ವಿಓಸಿ, ಅಂದರೆ ಆವಿಯಾಗಿ ಗಾಳಿ ಸೇರುವ ರಾಸಾಯನಿಕಗಳ, ಪ್ರಮಾಣಪತ್ರವನ್ನು ಖರೀದಿಗೆ ಮುಂಚೆ ತರಿಸಿಕೊಳ್ಳಿ. ಡಬ್ಬದ ಮೇಲಿನ 'ಇಕೋ' ಎಂಬ ಬರಹ ದಾಖಲೆಯಲ್ಲ.

ಕೆಲಸ ನಡೆಯುವಾಗ ಧೂಳು ಸೇರದಂತೆ ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಬಾಯಿಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಟೇಪ್ ಸುತ್ತಿ, ಫೋಟೋ ತೆಗೆಯಿರಿ. ಜನ ಬರುವ ಮೊದಲು ಫ್ಲಶ್-ಔಟ್ (ಹೊರಗಾಳಿ ಹಾಯಿಸಿ ಒಳಗಿನ ಮಲಿನ ಗಾಳಿ ಹೊರಹಾಕುವುದು) ಮಾಡುವುದಾದರೆ ನೆಲದ ಪ್ರತಿ ಚದರ ಅಡಿಗೆ 14,000 ಘನ ಅಡಿ ಹೊರಗಾಳಿ ಹಾಯಬೇಕು. ಆಗ ಒಳಗಿನ ತಾಪ 15ರಿಂದ 27 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 60ರೊಳಗೆ ಇರಬೇಕು. ಇದಕ್ಕೆ ವಾರಗಳೇ ಹಿಡಿಯುವುದರಿಂದ ಹಸ್ತಾಂತರದ ವೇಳಾಪಟ್ಟಿಯಲ್ಲಿ ಮೊದಲೇ ಜಾಗ ಬಿಡಿ.

ಕೊಳ್ಳುವವರು ಗಮನಿಸಿ: 'ನೋಂದಾಯಿತ' ಅಂದರೆ ಬರೀ ಅರ್ಜಿ ಹಾಕಿದ್ದಾರೆ ಎಂದಷ್ಟೇ. ಅಂತಿಮ ಸರ್ಟಿಫಿಕೇಟನ್ನೂ ಅಂಕಪಟ್ಟಿಯನ್ನೂ ಕೇಳಿ ಪಡೆಯಿರಿ, ಇಂಧನ ಮತ್ತು ನೀರಿನ ಸಾಲುಗಳನ್ನು ಮೊದಲು ನೋಡಿ.