ಲಿವರ್ ವರದಿಯನ್ನು ನಾನು ಕೆಳಗಿನ ಸಾಲಿನಿಂದ ಓದುವ ಬಗೆ

ಉಡುಪಿಯಲ್ಲಿರುವ ನನ್ನ ಕ್ಲಿನಿಕ್ಕಿಗೆ ಲಿವರ್ ಪರೀಕ್ಷೆಯ ವರದಿಗಳು ಅತಿ ಹೆಚ್ಚು ಬರುವುದು ಮಳೆಗಾಲದಲ್ಲಿ. ಇಲಿಜ್ವರ, ಡೆಂಗಿ, ಮಲೇರಿಯಾ, ಕೆಟ್ಟ ನೀರಿನಿಂದ ಹರಡುವ ಹೆಪಟೈಟಿಸ್-ಎ ಇವೆಲ್ಲವೂ ಜ್ವರ ಮತ್ತು ವಾಂತಿಯಿಂದಲೇ ಶುರುವಾಗಬಹುದಾದ್ದರಿಂದ ಎಲ್‌ಎಫ್‌ಟಿ, ಅಂದರೆ ಲಿವರ್ ಪರೀಕ್ಷೆ, ಬರೆದುಕೊಡದೆ ಗತಿಯಿಲ್ಲ. ವರದಿ ಕೈಗೆ ಬಂದೊಡನೆ ರೋಗಿಯ ಮನೆಯವರು ದಪ್ಪ ಅಕ್ಷರದಲ್ಲಿ ಅಚ್ಚಾದ ಎಸ್‌ಜಿಒಟಿ, ಎಸ್‌ಜಿಪಿಟಿಗಳ ಮೇಲೆ ಬೆರಳಿಟ್ಟು ಮಾತು ತೆಗೆಯುತ್ತಾರೆ. ನಾನು ಮಾತ್ರ ಮೊದಲು ಕೆಳಗಿರುವ ಅಲ್ಬುಮಿನ್ ಎಂಬ ಪ್ರೋಟೀನ್ ನೋಡಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಪಿಟಿ-ಐಎನ್‌ಆರ್ ಮಾಡಿಸಿದ್ದಾರೆಯೇ ಎಂದು ವಿಚಾರಿಸುತ್ತೇನೆ.

ಇದಕ್ಕೆ ಕಾರಣವಿದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಜೀವಕೋಶದೊಳಗೆ ಇರಬೇಕಾದ ಕಿಣ್ವಗಳು. ಲಿವರ್‌ನ ಕೋಶಗಳಿಗೆ ಪೆಟ್ಟಾದಾಗ ಅವು ಸೋರಿ ರಕ್ತಕ್ಕೆ ಬರುತ್ತವೆ. ಪೆಟ್ಟಾಗಿದೆ ಎಂಬುದನ್ನು ಅವು ತಿಳಿಸುತ್ತವೆಯೇ ಹೊರತು, ಉಳಿದಿರುವ ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಲ್ಲ. ಅಲ್ಬುಮಿನ್ ಹಾಗೂ ರಕ್ತ ಹೆಪ್ಪುಗಟ್ಟಿಸುವ ಬಹುತೇಕ ಅಂಶಗಳನ್ನು ತಯಾರಿಸುವುದು ಲಿವರ್ರೇ ಆದ್ದರಿಂದ ಅದರ ಕೆಲಸದ ಲೆಕ್ಕ ಸಿಗುವುದು ಇವುಗಳಲ್ಲಿ. ಅಲ್ಬುಮಿನ್‌ನ ಅರ್ಧಾಯುಷ್ಯ (ಅರ್ಧದಷ್ಟು ಕರಗಲು ಬೇಕಾದ ಅವಧಿ) ಸುಮಾರು 3 ವಾರಗಳಷ್ಟಿರುವುದರಿಂದ ಹೊಸದಾಗಿ ಬಂದ ಕಾಯಿಲೆಯಲ್ಲಿ ಅದು ಸಹಜವಾಗಿಯೇ ಕಾಣಬಹುದು. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಕೆಲವು ಕೆಲವೇ ಗಂಟೆಗಳಲ್ಲಿ ಕರಗುವುದರಿಂದ ಐಎನ್‌ಆರ್ ಒಂದೆರಡು ದಿನಗಳಲ್ಲೇ ಏರತೊಡಗುತ್ತದೆ.

ಒಮ್ಮೆ ಕಾಮಾಲೆಯಾಗಿದ್ದ ಮಧ್ಯವಯಸ್ಕರೊಬ್ಬರನ್ನು ಅವರ ತಮ್ಮ ಕರೆದುಕೊಂಡು ಬಂದಿದ್ದರು. ಹಳ್ಳಿಮದ್ದು ನಡೆದಿತ್ತು. "ಡಾಕ್ಟ್ರೇ, ಎರಡು ಸಾವಿರದ ಮೇಲೆ ಇದ್ದ ಎಸ್‌ಜಿಪಿಟಿ ಈಗ ಆರುನೂರಕ್ಕೆ ಇಳಿದಿದೆ, ಇನ್ನು ಹೆದರ್ಲಿಕ್ಕಿಲ್ಲ ಅಲ್ವಾ?" ಎಂದು ಎರಡು ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಅದೇ ಹಾಳೆಗಳಲ್ಲಿ ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ 8ರಿಂದ 17ಕ್ಕೆ ಏರಿತ್ತು. ರೋಗಿ ಹಗಲಿಡೀ ತೂಕಡಿಸುತ್ತಾರೆ, ರಾತ್ರಿ ಎಚ್ಚರವಾಗಿರುತ್ತಾರೆ ಎಂಬುದನ್ನು ಹೆಂಡತಿ ಬೇರೇನನ್ನೋ ಹೇಳುವ ನಡುವೆ ಹೇಳಿದರು. ಕೈ ಚಾಚಿಸಿ ನೋಡಿದರೆ ಮಣಿಕಟ್ಟು ನಿಲ್ಲದೆ ಬೀಳುತ್ತಿತ್ತು. ತುರ್ತಾಗಿ ಮಾಡಿಸಿದ ಐಎನ್‌ಆರ್ 2ನ್ನು ದಾಟಿತ್ತು. ಕಿಣ್ವ ಇಳಿದದ್ದು ಗುಣವಾಗುತ್ತಿದ್ದುದರಿಂದಲ್ಲ, ಸೋರಲು ಕೋಶಗಳೇ ಹೆಚ್ಚು ಉಳಿದಿರಲಿಲ್ಲ. ಕಾಮಾಲೆಯ ಜೊತೆಗೆ ಐಎನ್‌ಆರ್ 1.5 ಮೀರಿ, ಪ್ರಜ್ಞೆಯಲ್ಲಿ ಏರುಪೇರು ಕಂಡರೆ ಅದು ಲಿವರ್ ವೈಫಲ್ಯ. ಅಂಥವರನ್ನು ಒಂದು ಗಂಟೆಯೂ ಇಟ್ಟುಕೊಳ್ಳದೆ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಕಳುಹಿಸುತ್ತೇನೆ, ಅವರನ್ನೂ ಹಾಗೆಯೇ ಕಳುಹಿಸಿದೆ. ಪಿತ್ತನಾಳ ಕಟ್ಟಿಕೊಂಡವರಲ್ಲಿ ವಿಟಮಿನ್-ಕೆ ಹೀರಿಕೆಯಾಗದೆಯೂ ಐಎನ್‌ಆರ್ ಏರುವುದುಂಟು. ಆ ವಿಟಮಿನ್‌ನ ಚುಚ್ಚುಮದ್ದು ಕೊಟ್ಟ ಮರುದಿನ ಅದು ಇಳಿದರೆ ಲಿವರ್ ಇನ್ನೂ ದುಡಿಯುತ್ತಿದೆ ಎಂದು ತಿಳಿಯುತ್ತದೆ.

ಕೆಳಗಿನ ಸಾಲುಗಳಲ್ಲಿ ಆತಂಕವಿಲ್ಲವೆಂದಾದ ಮೇಲಷ್ಟೇ ಮೇಲಿನ ಸಾಲುಗಳಿಗೆ ಹೋಗುತ್ತೇನೆ. ಆಗಲೂ ಒಂದೊಂದು ಅಂಕಿಯನ್ನಲ್ಲ, ಅವುಗಳ ನಡುವಿನ ಅನುಪಾತವನ್ನು ನೋಡುತ್ತೇನೆ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟು ಬಂದವರಿಗೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಇದ್ದು, ಬಿಲಿರುಬಿನ್ 9ರಷ್ಟಿದ್ದರೂ ಎಸ್‌ಜಿಪಿಟಿ ನೂರರ ಆಸುಪಾಸಿನಲ್ಲೇ ಉಳಿದು, ಕಿಡ್ನಿಯ ಕೆಲಸ ಕುಂದಿದಾಗ ಏರುವ ಕ್ರಿಯೇಟಿನಿನ್ ಹೆಚ್ಚಿದ್ದರೆ ನಾನು ಮೊದಲು ಎಣಿಸುವುದು ಇಲಿಜ್ವರವನ್ನು. ಅದರ ಖಚಿತ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆ್ಯಂಟಿಬಯೋಟಿಕ್ ಆರಂಭಿಸುತ್ತೇನೆ. ವೈರಸ್‌ನ ಹೆಪಟೈಟಿಸ್‌ನಲ್ಲಿಯಾದರೆ ಎಸ್‌ಜಿಪಿಟಿ ಸಾವಿರ ದಾಟುವುದು ಸಾಮಾನ್ಯ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಇಮ್ಮಡಿಗಿಂತ ಹೆಚ್ಚಿದ್ದು, ಎರಡೂ ಮುನ್ನೂರರ ಒಳಗೇ ಇದ್ದರೆ ಕುಡಿತದ ಬಗ್ಗೆ ಕೇಳುತ್ತೇನೆ, ಮನೆಯವರನ್ನು ಹೊರಗೆ ಕೂರಿಸಿ.

ಆದರೆ ಎಸ್‌ಜಿಒಟಿ ಸ್ನಾಯುಗಳಲ್ಲಿಯೂ ಇದೆ. ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಮಲ್ಪೆಯಿಂದ ಮತ್ತೆ ಬೋಟಿಗೆ ಹೋದ ಯುವಕನೊಬ್ಬನ ವರದಿಯಲ್ಲಿ ಎಸ್‌ಜಿಒಟಿ 180, ಎಸ್‌ಜಿಪಿಟಿ 70 ಇತ್ತು. ಕುಡಿಯುವುದಿಲ್ಲವೆಂದು ಅವನು ಆಣೆ ಹಾಕುತ್ತಿದ್ದರೂ ಮನೆಯಲ್ಲಿ ಯಾರೂ ನಂಬಿರಲಿಲ್ಲ. ಕುಡಿತದಲ್ಲಿ ಸಾಮಾನ್ಯವಾಗಿ ಏರುವ ಲಿವರ್ ಕಿಣ್ವ ಜಿಜಿಟಿ ಸಹಜವಾಗಿತ್ತು, ಸ್ನಾಯುಗಳಿಗೆ ಪೆಟ್ಟಾದಾಗ ಏರುವ ಕಿಣ್ವ ಸಿಪಿಕೆ ಸಾವಿರಗಳಲ್ಲಿತ್ತು. ಎರಡು ತಿಂಗಳು ಸುಮ್ಮನಿದ್ದ ಮೈ ಒಮ್ಮೆಲೇ ಬಲೆ ಎಳೆದ ಪರಿಣಾಮವದು. ಒಂದು ವಾರ ವಿಶ್ರಾಂತಿ ಪಡೆದು, ಚೆನ್ನಾಗಿ ನೀರು ಕುಡಿದ ಬಳಿಕ ಅವನ ಎಲ್ಲ ಅಂಕಿಗಳೂ ಇಳಿದವು.

ಗಲ್ಫ್ ಕೆಲಸಕ್ಕೆ ಮೆಡಿಕಲ್ ಮಾಡಿಸಿದ ಹುಡುಗರು ಬಿಲಿರುಬಿನ್ 2 ಎಂಬ ಒಂದೇ ದೋಷ ಹೊತ್ತು ಗಾಬರಿಯಿಂದ ಬರುವುದೂ ಉಂಟು. ಕಿಣ್ವಗಳು, ಹಿಮೋಗ್ಲೋಬಿನ್ ಎಲ್ಲ ಸರಿಯಿದ್ದು, ಏರಿರುವುದು ಬಿಲಿರುಬಿನ್‌ನ ಇನ್‌ಡೈರೆಕ್ಟ್ (ಲಿವರ್ ಇನ್ನೂ ಸಂಸ್ಕರಿಸದ) ಭಾಗ ಮಾತ್ರವಾಗಿದ್ದರೆ ಬಹುಮಟ್ಟಿಗೆ ಅದು ಹುಟ್ಟಿನಿಂದ ಬಂದ, ನಿರುಪದ್ರವಿಯಾದ ಗಿಲ್ಬರ್ಟ್ ಸಿಂಡ್ರೋಮ್. ಉಪವಾಸದಲ್ಲಿ ಅದು ಇನ್ನಷ್ಟು ಏರುತ್ತದೆ. ಊಟ ಬಿಡದೆ ಪುನಃ ಪರೀಕ್ಷೆ ಮಾಡಿಸಲು ಹೇಳುತ್ತೇನೆ, ಮದ್ದು ಬರೆಯುವುದಿಲ್ಲ.

ಈಗ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಹಳದಿ ಕಣ್ಣಿನವರಿಗಿಂತಲೂ ಹೊಟ್ಟೆ ಬಂದಿರುವ, ಸಕ್ಕರೆ ಕಾಯಿಲೆಯಿರುವ ನಡುವಯಸ್ಸಿನವರು. ಇವರ ಕಿಣ್ವಗಳು ಗಡಿಯನ್ನು ತುಸುವೇ ದಾಟಿರುತ್ತವೆ, ಕೆಲವೊಮ್ಮೆ ದಾಟಿರುವುದೂ ಇಲ್ಲ. ಅವರ ರಕ್ತಕಣಗಳ ವರದಿಯನ್ನೂ ತರಿಸಿ, ಕೊಬ್ಬು ಸೇರಿ ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ಅಂದಾಜಿಸುವ ಫಿಬ್-4 ಲೆಕ್ಕ ಹಾಕುತ್ತೇನೆ: ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ವಯಸ್ಸು 52, ಎಸ್‌ಜಿಒಟಿ 48, ಎಸ್‌ಜಿಪಿಟಿ 44, ಪ್ಲೇಟ್‌ಲೆಟ್ 1.4 ಲಕ್ಷ (ಅಂದರೆ 140 ಸಾವಿರ) ಇದ್ದರೆ ಬರುವ ಉತ್ತರ 2.69. 1.3ಕ್ಕಿಂತ ಕಡಿಮೆಯಿದ್ದರೆ ಲಿವರ್ ಗಟ್ಟಿಯಾಗಿರುವ ಸಂಭವ ಕಡಿಮೆ, 2.67ನ್ನು ಮೀರಿದರೆ ಉಪೇಕ್ಷಿಸುವಂತಿಲ್ಲ. ಜ್ವರವಿದ್ದಾಗ, ವಿಶೇಷವಾಗಿ ಪ್ಲೇಟ್‌ಲೆಟ್ ಕುಸಿಯುವ ಡೆಂಗಿಯಲ್ಲಿ, ಈ ಲೆಕ್ಕ ದಾರಿ ತಪ್ಪಿಸುತ್ತದೆ. ವಯಸ್ಸು 35 ದಾಟದವರಲ್ಲೂ ಅದು ನಂಬಿಕೆಗೆ ಅರ್ಹವಲ್ಲ. ನಾಲ್ಕೂ ಅಂಕಿಗಳು ರೋಗಿಯ ಕೈಯಲ್ಲಿರುವ ಹಾಳೆಗಳಲ್ಲೇ ಇರುವುದರಿಂದ ಇದಕ್ಕೆ ಬೇರೆ ಖರ್ಚಿಲ್ಲ, ಮೊಬೈಲಿನ ಕ್ಯಾಲ್ಕ್ಯುಲೇಟರ್ ಸಾಕು. ಉತ್ತರ 1.3 ದಾಟಿದವರಿಗೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬರೆದುಕೊಡುತ್ತೇನೆ. ದಾಟದಿದ್ದವರಿಗೆ ತೂಕ ಇಳಿಸಲು ಹೇಳಿ, ಸಕ್ಕರೆ ಕಾಯಿಲೆಯಿದ್ದರೆ ಒಂದೆರಡು ವರ್ಷದೊಳಗೆ ಇದೇ ಲೆಕ್ಕವನ್ನು ಮತ್ತೊಮ್ಮೆ ಹಾಕುತ್ತೇನೆ.